ಮೀಟಿಂಗ್ ಮುಗಿಸಿ ಬೆಟ್ಟಕ್ಕೆ: ಕೆಲಸದ ಪ್ರವಾಸಕ್ಕೆ ಟ್ರೆಕ್ ಸೇರಿಸುವುದು ಹೇಗೆ

ಜ್ಯೂರಿಚ್, ಇನ್ಸ್‌ಬ್ರುಕ್, ಡೆನ್ವರ್, ಸಾಲ್ಟ್ ಲೇಕ್ ಸಿಟಿ, ಕ್ವೀನ್ಸ್‌ಟೌನ್. ಇಂಥ ಊರುಗಳಿಗೆ ಆಫೀಸ್ ಕೆಲಸದ ಮೇಲೆ ಹೋದವರಿಗೆಲ್ಲ ಒಂದೇ ಸಂಕಟ. ದಿನವಿಡೀ ಹಾಲ್‌ನಲ್ಲಿ ಕೂತು ಸ್ಲೈಡ್ ನೋಡಬೇಕು, ಬೆಟ್ಟ ಮಾತ್ರ ಹತ್ತಿರದಲ್ಲೇ ಇರುತ್ತದೆ. ವಿಮಾನದ ಟಿಕೆಟ್ ಹೇಗೂ ಆಗುತ್ತದೆ. ಮೇಲೆ ನಾಲ್ಕೈದು ದಿನ ರಜೆ ಹಾಕಿದರೆ ಆಯ್ತು, ಅಲ್ವಾ?

ಆಗುತ್ತದೆ. ಆದರೆ ಟ್ರೆಕ್‌ಗೆಂದೇ ಮನೆಯಿಂದ ಹೊರಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ನಿಮ್ಮ ಬ್ಯಾಗಿನಲ್ಲಿ ಅರ್ಧ ಜಾಗ ಇಸ್ತ್ರಿ ಮಾಡಿದ ಬಟ್ಟೆ ಮತ್ತು ಲ್ಯಾಪ್‌ಟಾಪ್‌ಗೆ ಹೋಗಿರುತ್ತದೆ. ನಿದ್ದೆ ಕೆಟ್ಟಿರುತ್ತದೆ. ವಾಪಸ್ ವಿಮಾನದ ದಿನ ಮೊದಲೇ ಗಟ್ಟಿಯಾಗಿರುತ್ತದೆ. ಬ್ಯಾಗು, ನಿದ್ದೆ ಹೇಗೋ ಸಂಭಾಳಿಸಬಹುದು. ಆ ಟಿಕೆಟ್ ಇದೆಯಲ್ಲ, ಅಪಾಯ ಇರುವುದು ಅಲ್ಲೇ. "ನಾಳೆ ಫ್ಲೈಟ್ ಇದೆ, ಇವತ್ತು ದಾಟಲೇಬೇಕು" ಅಂತ ಕೆಟ್ಟ ಹವೆಯಲ್ಲಿ ಎತ್ತರದ ಪಾಸ್ (ಎರಡು ಬೆಟ್ಟಗಳ ನಡುವಿನ ದಾರಿ) ದಾಟಲು ಹೊರಡುವ ಜನ ಬಹಳ. ಹಾಗಾಗಿ ಈ ಪ್ಲ್ಯಾನ್ ಶುರುವಾಗಬೇಕಾದ್ದು ಮೊದಲ ದಿನದಿಂದ ಅಲ್ಲ, ಕೊನೆಯ ದಿನದಿಂದ.

ಹಿಂದಿನಿಂದ ದಿನ ಎಣಿಸಿ

ಕ್ಯಾಲೆಂಡರ್ ತೆಗೆದುಕೊಂಡು ಮೊದಲು ವಾಪಸ್ ವಿಮಾನದ ದಿನ ಗುರುತು ಹಾಕಿ. ಅದರ ಹಿಂದಿನ ದಿನವನ್ನು ಪೂರ್ತಿ ಖಾಲಿ ಬಿಡಿ. ಹವೆ ಕೆಟ್ಟರೆ ಒಂದು ದಿನ ಟೆಂಟ್‌ನಲ್ಲೇ ಕೂರುವುದಕ್ಕೆ, ಬಸ್ ತಪ್ಪಿದರೆ ಮುಂದಿನ ಬಸ್ ಕಾಯುವುದಕ್ಕೆ, ಕಾಲು ಉಳುಕಿದರೆ ನಿಧಾನವಾಗಿ ಇಳಿಯುವುದಕ್ಕೆ ಇರುವ ದಿನ ಅದು. ಏನೂ ಆಗದಿದ್ದರೆ ಊರಿಗೆ ಬಂದು ಬಟ್ಟೆ ಒಗೆದುಕೊಳ್ಳಿ, ನಷ್ಟವೇನಿಲ್ಲ.

ಈಗ ಇನ್ನೊಂದು ತುದಿಗೆ ಬನ್ನಿ. ಕೆಲಸ ಮುಗಿದ ಮರುದಿನವೂ ನಡೆಯುವ ದಿನವಲ್ಲ. ಗ್ಯಾಸ್ ಕೊಳ್ಳಬೇಕು, ಊಟದ ಸಾಮಾನು ತರಬೇಕು, ಆಫೀಸ್ ಸಾಮಾನು ಎಲ್ಲಾದರೂ ಇಡಬೇಕು, ರೈಲು ಅಥವಾ ಬಸ್ ಹಿಡಿದು ಟ್ರೆಕ್ ಶುರುವಾಗುವ ಜಾಗಕ್ಕೆ ತಲುಪಬೇಕು. ಬುಧವಾರ ಸಂಜೆ ಕಾನ್ಫರೆನ್ಸ್ ಮುಗಿಯುತ್ತದೆ, ಮುಂದಿನ ಮಂಗಳವಾರ ವಿಮಾನ ಅಂದುಕೊಳ್ಳಿ. ನಡುವೆ ಐದು ದಿನ. ಗುರುವಾರ ತಯಾರಿಗೆ ಹೋಯಿತು, ಸೋಮವಾರ ಖಾಲಿ ದಿನ. ಉಳಿದದ್ದು ಶುಕ್ರ, ಶನಿ, ಭಾನು. ಐದು ದಿನ ಕೈಯಲ್ಲಿದ್ದರೆ ನಡಿಗೆ ಮೂರು ದಿನ, ಅಷ್ಟೇ. ಇದನ್ನು ನೋಡಿ ಬೇಜಾರಾಗಿ ಸೋಮವಾರವನ್ನೂ ನಡಿಗೆಗೆ ಸೇರಿಸಿಬಿಡೋಣ ಅನಿಸುತ್ತದೆ. ಸೇರಿಸಬೇಡಿ. ಅದರ ಬದಲು ಇನ್ನೊಂದು ದಿನ ರಜೆ ಕೇಳಿ.

ಟ್ರೆಕ್ ಮೊದಲು ಮುಗಿಸಿ ಆಮೇಲೆ ಮೀಟಿಂಗ್‌ಗೆ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ವಿಮಾನ ತಪ್ಪಿದರೆ ದುಡ್ಡು ಹೋಗುತ್ತದೆ, ಮೀಟಿಂಗ್ ತಪ್ಪಿದರೆ ಬೇರೆಯದೇ ಲೆಕ್ಕ. ಅಲ್ಲದೆ ವಿಮಾನ ಇಳಿದ ತಕ್ಷಣ ಕೆಟ್ಟ ನಿದ್ದೆಯಲ್ಲಿ ಎತ್ತರ ಹತ್ತುವುದಕ್ಕಿಂತ, ಮೀಟಿಂಗ್ ನಡೆಯುವ ದಿನಗಳಲ್ಲಿ ದೇಹ ಅಲ್ಲಿನ ಸಮಯಕ್ಕೆ ಹೊಂದಿಕೊಂಡ ಮೇಲೆ ಹೊರಡುವುದು ಎಷ್ಟೋ ವಾಸಿ.

ರಜೆ, ವೀಸಾ, ವಿಮೆ

ರಜೆಯ ಮಾತು ಟಿಕೆಟ್ ಬುಕ್ ಆಗುವ ಮೊದಲೇ ಆಗಲಿ. ವಾಪಸ್ ದಿನಾಂಕ ಆಮೇಲೆ ಬದಲಿಸಿದರೆ ಖರ್ಚು ಜಾಸ್ತಿ, ಕಂಪನಿಗೂ ಕಿರಿಕಿರಿ. ದಿನಾಂಕ ಮುಂದೆ ಹಾಕಿದ್ದರಿಂದ ಟಿಕೆಟ್ ದರ ಹೆಚ್ಚಾದರೆ ವ್ಯತ್ಯಾಸ ಯಾರು ಕೊಡಬೇಕು ಅನ್ನುವುದನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. "ಸ್ವಲ್ಪ ಸಿಗಬಹುದು" ಅಂದರೆ ಮುಗಿಯಿತು, ಕರೆ ಬರುತ್ತದೆ ಅಂತ ಎಲ್ಲರೂ ಕಾಯುತ್ತಾರೆ.

ವೀಸಾ ಬೇಕಾದವರು ಒಂದು ಸಂಗತಿ ನೋಡಿಕೊಳ್ಳಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಸ್ಟಿಕ್ಕರ್ ಮೇಲೆ ಎರಡು ದಿನಾಂಕಗಳ ಜೊತೆಗೆ ಎಷ್ಟು ದಿನ ಉಳಿಯಬಹುದು ಅಂತ ಬೇರೆಯಾಗಿ ಒಂದು ಸಂಖ್ಯೆ ಇರುತ್ತದೆ. ದಿನಾಂಕ ಇನ್ನೂ ಮುಗಿಯದಿದ್ದರೂ ಆ ಸಂಖ್ಯೆ ಮುಗಿದರೆ ಹೊರಡಲೇಬೇಕು. ಅರ್ಜಿ ಹಾಕುವಾಗಲೇ ಮೀಟಿಂಗ್ ದಿನಗಳ ಜೊತೆ ಟ್ರೆಕ್ ದಿನಗಳನ್ನೂ ತೋರಿಸಿ.

ಇನ್ನು ವಿಮೆ. ಕಂಪನಿ ಮಾಡಿಸಿದ ಪ್ರಯಾಣ ವಿಮೆ ಕೆಲಸ ಮುಗಿದ ದಿನಕ್ಕೇ ನಿಂತುಹೋಗಬಹುದು. ನಿಲ್ಲದಿದ್ದರೂ ಬೆಟ್ಟ ಹತ್ತುವುದು ಅದರಲ್ಲಿ ಸೇರಿಲ್ಲದಿರಬಹುದು. ಸ್ವಂತಕ್ಕೆ ಬೇರೆ ವಿಮೆ ತೆಗೆದುಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಬರುತ್ತದೋ ಇಲ್ಲವೋ. ಆಲ್ಪ್ಸ್ ಕಡೆಗೆ ಹೋಗುವವರು ಅಲ್ಲಿನ ಆಲ್ಪೈನ್ ಕ್ಲಬ್‌ಗಳ (ಪರ್ವತಾರೋಹಿಗಳ ಸಂಘಗಳ) ಸದಸ್ಯತ್ವವನ್ನೂ ನೋಡಬಹುದು. ಬೆಟ್ಟದ ವಸತಿಗಳಲ್ಲಿ ರಿಯಾಯಿತಿ ಸಿಗುತ್ತದೆ, ಆಸ್ಟ್ರಿಯಾದ ಕ್ಲಬ್‌ನಲ್ಲಿ ರಕ್ಷಣಾ ವಿಮೆಯೂ ಸದಸ್ಯತ್ವದಲ್ಲೇ ಸೇರಿದೆ.

ದಾರಿ ಆರಿಸುವುದು

ಮೊದಲು ಋತು. ಆಲ್ಪ್ಸ್‌ನ ಎತ್ತರದ ಹಟ್‌ಗಳು, ಅಂದರೆ ನಡೆಯುವವರು ರಾತ್ರಿ ತಂಗುವ ಬೆಟ್ಟದ ವಸತಿಗಳು, ಹೆಚ್ಚಾಗಿ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ತೆರೆದಿರುತ್ತವೆ. ಜೂನ್ ಕೊನೆಯಲ್ಲೂ ಎತ್ತರದ ಪಾಸ್‌ಗಳಲ್ಲಿ ಹಿಮ ಉಳಿದಿರುವುದು ಮಾಮೂಲು. ಅಮೆರಿಕದ ರಾಕಿ ಪರ್ವತಗಳಲ್ಲಿ ಜುಲೈ, ಆಗಸ್ಟ್ ಮಧ್ಯಾಹ್ನ ಗುಡುಗು ಮಿಂಚು ಹೆಚ್ಚು. ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಪೆಟಗೋನಿಯಾದಲ್ಲಿ ಋತು ತಿರುಗುಮುರುಗು, ಅಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಬೇಸಿಗೆ. ನಿಮ್ಮ ಕಾನ್ಫರೆನ್ಸ್ ಇರುವುದು ನವೆಂಬರ್‌ನಲ್ಲಿ, ಜ್ಯೂರಿಚ್‌ನಲ್ಲಿ ಅಂದರೆ ಎತ್ತರದ ಟ್ರೆಕ್ ಮರೆತುಬಿಡಿ. ಕೆಳಗಿನ ಕಣಿವೆಗಳಲ್ಲಿ ಒಂದು ದಿನದ ನಡಿಗೆ ಮಾಡಿ ಬನ್ನಿ.

ಎರಡನೆಯದು, ಟೆಂಟೋ ಹಟ್ಟೋ? ಕೆಲಸದ ಮೇಲೆ ಬಂದವರಿಗೆ ಹಟ್‌ನಿಂದ ಹಟ್‌ಗೆ ಹೋಗುವ ದಾರಿಯಷ್ಟು ಸಲೀಸು ಬೇರೆ ಇಲ್ಲ. ಟೆಂಟ್ ಬೇಡ, ಒಲೆ ಬೇಡ, ಮ್ಯಾಟ್ ಬೇಡ, ಊಟ ಅಲ್ಲೇ ಸಿಗುತ್ತದೆ. ಆಫೀಸ್ ಸೂಟ್‌ಕೇಸಿನಲ್ಲಿ ಟ್ರೆಕ್ ಸಾಮಾನು ಅಡಗಿಸಬಹುದು. ಹಟ್‌ನಲ್ಲಿ ಮಲಗಲು ತೆಳುವಾದ ರೇಷ್ಮೆ ಅಥವಾ ಹತ್ತಿಯ ಸ್ಲೀಪಿಂಗ್ ಲೈನರ್ (ಒಳಗೆ ಸೇರಿ ಮಲಗುವ ಚೀಲದಂಥ ಬಟ್ಟೆ) ಒಯ್ಯಿರಿ, ಆಲ್ಪ್ಸ್‌ನ ಬಹುಪಾಲು ಹಟ್‌ಗಳಲ್ಲಿ ಅದು ಕಡ್ಡಾಯ. ಕೈಯಲ್ಲಿ ನಗದು ಇರಲಿ, ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ. ಜಾಗ ಮೊದಲೇ ಕಾಯ್ದಿರಿಸಿ. ಬರುವುದಿಲ್ಲ ಅಂತಾದರೆ ಫೋನ್ ಮಾಡಿ ಹೇಳಿ. ಹೇಳದಿದ್ದರೆ ನಿಮ್ಮನ್ನು ಹುಡುಕಲು ಜನ ಹೊರಟಾರು.

ಟೆಂಟ್‌ನಲ್ಲೇ ಆಗಬೇಕು ಅನ್ನುವವರಿಗೆ ಪರ್ಮಿಟ್‌ನ ತಲೆನೋವು ಇದೆ. ಅಮೆರಿಕದ ಯೊಸೆಮಿಟಿ, ರಾಕಿ ಮೌಂಟನ್ ತರಹದ ರಾಷ್ಟ್ರೀಯ ಉದ್ಯಾನಗಳಲ್ಲಿ ರಾತ್ರಿ ತಂಗಲು ಪರ್ಮಿಟ್ ಬೇಕೇ ಬೇಕು, ಸೀಸನ್‌ನಲ್ಲಿ ಬೇಗ ಖಾಲಿಯಾಗುತ್ತದೆ. ಯೊಸೆಮಿಟಿಯಲ್ಲಿ ಊಟದ ಸಾಮಾನು ಇಡಲು ಕರಡಿ ತೆರೆಯಲಾಗದ ಡಬ್ಬಿಯೂ ಕಡ್ಡಾಯ. ಅದನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ವಿಮಾನದಲ್ಲಿ ಹೊತ್ತು ತರುವಂಥ ವಸ್ತುವಲ್ಲ ಅದು.

ದಾರಿಯ ಕಷ್ಟ ಎಷ್ಟು ಅನ್ನುವುದನ್ನು ಫೋಟೋ ನೋಡಿ ಅಳೆಯಬೇಡಿ. ಸ್ವಿಟ್ಜರ್ಲೆಂಡ್‌ನಲ್ಲಿ ದಾರಿಗಳಿಗೆ ಸುಲಭದ ಟಿ1ರಿಂದ ಕಷ್ಟದ ಟಿ6ರವರೆಗೆ ದರ್ಜೆ ಇದೆ. ಬಿಳಿ-ಕೆಂಪು-ಬಿಳಿ ಗುರುತು ಅಂದರೆ ಬೆಟ್ಟದ ದಾರಿ. ಬಿಳಿ-ನೀಲಿ-ಬಿಳಿ ಅಂದರೆ ಟಿ4 ಮತ್ತು ಮೇಲೆ, ಕೈಯೂರಿ ಹತ್ತಬೇಕಾದ, ಹಿಮನದಿಯೂ ಸಿಗಬಹುದಾದ ದಾರಿ. ಮೊದಲ ಸಲ ಹೋಗುವವರು, ಅದೂ ಒಬ್ಬರೇ ಆಗಿದ್ದರೆ, ನೀಲಿ ಕಂಡಲ್ಲಿ ತಿರುಗಿ ಬನ್ನಿ. ಇನ್ನೊಂದು ಮಾತು. ನಡುವೆ ಎಲ್ಲಾದರೂ ಬಸ್ಸೋ ರೋಪ್‌ವೇಯೋ ಸಿಗುವ ದಾರಿಯನ್ನೇ ಆರಿಸಿ. ಎರಡನೇ ದಿನ ಹವೆ ಕೆಟ್ಟರೆ ಪೂರ್ತಿ ನಡೆದೇ ಹೊರಬರಬೇಕಾದ ದಾರಿ ಟಿಕೆಟ್ ಕಟ್ಟಿಕೊಂಡವರಿಗೆ ಹೇಳಿದ್ದಲ್ಲ.

ಕಿಲೋಮೀಟರ್ ಅಲ್ಲ, ಗಂಟೆ

ಬೆಟ್ಟದಲ್ಲಿ "12 ಕಿಲೋಮೀಟರ್ ತಾನೇ" ಅನ್ನುವ ಮಾತಿಗೆ ಅರ್ಥವಿಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಹಗುರ ಚೀಲ, ಒಳ್ಳೆಯ ಕಾಲು ಇದ್ದವರ ಲೆಕ್ಕ ಅದು. ಮೂರು ದಿನ ಕುರ್ಚಿಯಲ್ಲಿ ಕೂತು ಬಂದವರಿಗೆ ಜರ್ಮನ್ನರ ಲೆಕ್ಕವೇ ಸರಿ. ಗಂಟೆಗೆ 4 ಕಿಲೋಮೀಟರ್ ಅಡ್ಡ ನಡಿಗೆ (ಏರಿಳಿತ ಬಿಟ್ಟು ಬರೀ ದೂರ), 300 ಮೀಟರ್ ಏರು, 500 ಮೀಟರ್ ಇಳಿತ. ಅಡ್ಡ ನಡಿಗೆಯ ಸಮಯ ಒಂದು ಕಡೆ, ಏರಿಳಿತದ ಸಮಯ ಇನ್ನೊಂದು ಕಡೆ ಬರೆಯಿರಿ. ಯಾವುದು ದೊಡ್ಡದೋ ಅದನ್ನು ಪೂರ್ತಿ ತೆಗೆದುಕೊಳ್ಳಿ, ಚಿಕ್ಕದರ ಅರ್ಧ ಸೇರಿಸಿ.

ಲೆಕ್ಕ ಮಾಡಿಯೇ ನೋಡೋಣ. 12 ಕಿಲೋಮೀಟರ್, 900 ಮೀಟರ್ ಏರು, 600 ಮೀಟರ್ ಇಳಿತ. ಅಡ್ಡ ನಡಿಗೆ 3 ಗಂಟೆ. ಏರಿಗೆ 3, ಇಳಿತಕ್ಕೆ 1.2, ಒಟ್ಟು 4.2 ಗಂಟೆ. ದೊಡ್ಡದು 4.2, ಚಿಕ್ಕದರ ಅರ್ಧ 1.5, ಕೂಡಿದರೆ 5.7 ಗಂಟೆ. ನೈಸ್ಮಿತ್ ಪ್ರಕಾರ ಇದೇ ದಾರಿ 3.9 ಗಂಟೆ. ಹತ್ತಿರ ಹತ್ತಿರ ಎರಡು ಗಂಟೆ ವ್ಯತ್ಯಾಸ! ಊಟ, ವಿಶ್ರಾಂತಿ, ಫೋಟೋ ಎರಡರಲ್ಲೂ ಸೇರಿಲ್ಲ. ಈ ಲೆಕ್ಕದಲ್ಲಿ ದಿನಕ್ಕೆ ಆರು ಗಂಟೆ ಮೀರದ ಹಾಗೆ ದಾರಿ ಹಂಚಿ, ಮೊದಲ ದಿನ ನಾಲ್ಕೇ ಗಂಟೆ ಇದ್ದರೆ ಇನ್ನೂ ಒಳ್ಳೆಯದು.

ಎತ್ತರದ ವಿಷಯ

2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ಗಟ್ಟಿಮುಟ್ಟಾದವರಿಗೆ ಬರುವುದಿಲ್ಲ ಅನ್ನುವುದು ಸುಳ್ಳು. 3,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 70ರಷ್ಟು ಮಾತ್ರ. ಅದಕ್ಕಿಂತ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಅನ್ನುವುದು ವೈದ್ಯರ ಸಲಹೆ. ಮೂರು ದಿನದ ನಡಿಗೆಯಲ್ಲಿ ಇದಕ್ಕೆ ಸಮಯವೇ ಇರುವುದಿಲ್ಲ. ಆದ್ದರಿಂದ 3,000 ಮೀಟರ್ ಒಳಗೇ ಮಲಗುವ ದಾರಿ ಆರಿಸಿ. ಹಗಲಲ್ಲಿ ಮೇಲೆ ಹತ್ತಿ, ರಾತ್ರಿ ಕೆಳಗೆ ಬನ್ನಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಅಲ್ಲಿಂದ ಮೇಲೆ ಹೋಗಬೇಡಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ನೆ ಕೂತಾಗಲೂ ಉಸಿರು ಕಟ್ಟಿದರೆ ತಕ್ಷಣ ಇಳಿಯಿರಿ, ರಾತ್ರಿಯಾಗಿದ್ದರೂ ಸರಿ.

ಒಂದೇ ಬ್ಯಾಗಿನಲ್ಲಿ ಎರಡು ಪ್ರವಾಸ

ಇಲ್ಲಿ ಸ್ವಲ್ಪ ಬುದ್ಧಿ ಓಡಿಸಬೇಕು. 40ರಿಂದ 50 ಲೀಟರಿನ ರಕ್‌ಸ್ಯಾಕ್ ಅನ್ನು ದೊಡ್ಡ ಬಟ್ಟೆಯ ಡಫಲ್ ಬ್ಯಾಗಿನೊಳಗೆ ಇಟ್ಟು ಚೆಕ್-ಇನ್ ಮಾಡಿ. ಪಟ್ಟಿಗಳು ಕನ್ವೇಯರ್‌ಗೆ ಸಿಕ್ಕಿ ಹರಿಯುವುದಿಲ್ಲ. ಟ್ರೆಕ್‌ಗೆ ಹೊರಟಾಗ ಅದೇ ಡಫಲ್‌ನಲ್ಲಿ ಆಫೀಸ್ ಬಟ್ಟೆ ತುಂಬಿ ಹೋಟೆಲ್‌ನಲ್ಲಿ ಬಿಡಬಹುದು.

ಶೂ ಮಾತ್ರ ಚೆಕ್-ಇನ್ ಮಾಡಬೇಡಿ, ಕಾಲಿಗೆ ಹಾಕಿಕೊಂಡೇ ವಿಮಾನ ಹತ್ತಿ. ಬ್ಯಾಗು ಕಳೆದುಹೋದರೆ ಜಾಕೆಟ್, ಟೆಂಟ್, ಚೀಲ ಎಲ್ಲ ಬಾಡಿಗೆಗೆ ಸಿಗಬಹುದು, ಪಳಗಿದ ಶೂ ಸಿಗುವುದಿಲ್ಲ. ಎರಡೂ ಕಡೆ ನಡೆಯುವ ಬಟ್ಟೆ ಇದ್ದರೆ ಜಾಗ ಉಳಿಯುತ್ತದೆ. ತೆಳು ಮೆರಿನೊ ಉಣ್ಣೆಯ ಟೀ ಶರ್ಟ್ ಅಂಗಿಯ ಒಳಗೂ ಆಗುತ್ತದೆ, ಬೆಟ್ಟದಲ್ಲೂ ಆಗುತ್ತದೆ. ಹತ್ತಿ ಬಟ್ಟೆ ಮೇಲಕ್ಕೆ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿ ಎಳೆದುಬಿಡುತ್ತದೆ.

ಚಳಿಯ ಅಂದಾಜಿಗೆ ಹೀಗೆ ಮಾಡಿ. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ. 500 ಮೀಟರ್‌ನ ಊರಿನಲ್ಲಿ 20 ಡಿಗ್ರಿ ಇದ್ದರೆ 2,500 ಮೀಟರ್‌ನಲ್ಲಿ 7 ಡಿಗ್ರಿ. ಗಾಳಿ, ರಾತ್ರಿ ಸೇರಿದರೆ ಇನ್ನೂ ಕೆಳಗೆ. ಸ್ಲೀಪಿಂಗ್ ಬ್ಯಾಗ್ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಬೇರೆ ಬೇರೆ ಸಂಖ್ಯೆ ಬರೆದಿರುತ್ತದೆ. ಕಂಫರ್ಟ್ ಸಂಖ್ಯೆ ಮಾತ್ರ ನೋಡಿ. ಎಕ್ಸ್‌ಟ್ರೀಮ್ ಅನ್ನುವುದು ನಿದ್ದೆಯ ಲೆಕ್ಕವಲ್ಲ, ಜೀವ ಉಳಿಯುವ ಲೆಕ್ಕ.

ವಿಮಾನದ ನಿಯಮಗಳನ್ನು ಟಿಕೆಟ್ ಜೊತೆಯಲ್ಲೇ ಓದಿಕೊಳ್ಳಿ. ಒಲೆಯ ಗ್ಯಾಸ್ ಕ್ಯಾನಿಸ್ಟರ್ ಕ್ಯಾಬಿನ್‌ಗೂ ಇಲ್ಲ, ಚೆಕ್-ಇನ್‌ಗೂ ಇಲ್ಲ, ಖಾಲಿಯಾಗಿದೆ ಅಂದರೂ ಬಿಡುವುದಿಲ್ಲ. ಇಳಿದ ಊರಲ್ಲೇ ಕೊಳ್ಳಬೇಕು. ಎಲ್ಲ ಕಡೆ ತಿರುಪಿನ ಕ್ಯಾನಿಸ್ಟರ್ ಸಿಗುತ್ತದೆ ಅಂದುಕೊಳ್ಳಬೇಡಿ. ಕೆಲವು ದೇಶಗಳ ಅಂಗಡಿಗಳಲ್ಲಿ ಚುಚ್ಚುವ ಅಥವಾ ಕ್ಲಿಕ್ ಮಾಡುವ ಬಗೆಯೂ ಇರುತ್ತದೆ, ನಿಮ್ಮ ಒಲೆಗೆ ಅದು ಕೂರುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಒಲೆಯಲ್ಲಿ ಬರೀ ವಾಸನೆ ಉಳಿದಿದ್ದರೂ ಏರ್‌ಪೋರ್ಟ್‌ನಲ್ಲಿ ಅದನ್ನು ಬಿಡದೆ ತಡೆಯಬಹುದು, ತೊಳೆದು ಒಣಗಿಸಿ ಇಡಿ. ಟ್ರೆಕ್ಕಿಂಗ್ ಕೋಲು, ಚಾಕು, ಶೂ ಅಡಿಗೆ ಹಾಕುವ ಮುಳ್ಳುಗಳು ಚೆಕ್-ಇನ್‌ಗೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಕ್ಯಾಬಿನ್‌ನಲ್ಲೇ ಇರಬೇಕು. 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ) ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್ ಬರುತ್ತದೆ.

ನ್ಯೂಜಿಲೆಂಡ್, ಆಸ್ಟ್ರೇಲಿಯಾಕ್ಕೆ ಹೋಗುವವರು ಬಳಸಿದ ಶೂ, ಟೆಂಟ್ ಇದ್ದರೆ ಫಾರ್ಮ್‌ನಲ್ಲಿ ಬರೆಯಬೇಕು. ಅಂಗಾಲಿನ ಗೆರೆಗಳಲ್ಲಿ ಅಂಟಿದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕಿತ್ತು ತೆಗೆದೇ ಹೊರಡಿ.

ಲ್ಯಾಪ್‌ಟಾಪ್ ಎಲ್ಲಿಡುವುದು?

ಬೆಟ್ಟಕ್ಕಂತೂ ಬೇಡ. ಇದಕ್ಕೆ ಒಂದು ಉಪಾಯ: ಟ್ರೆಕ್ ಮುಗಿದ ರಾತ್ರಿಗೂ ಅದೇ ಹೋಟೆಲ್‌ನಲ್ಲಿ ರೂಮ್ ಬುಕ್ ಮಾಡಿ. ಮತ್ತೆ ಬರುವ ಗಿರಾಕಿಯ ಬ್ಯಾಗು ಇಟ್ಟುಕೊಳ್ಳಲು ಹೋಟೆಲ್‌ನವರು ಸಾಮಾನ್ಯವಾಗಿ ಒಪ್ಪುತ್ತಾರೆ. ರಸೀದಿ ಕೇಳಿ, ಬ್ಯಾಗಿಗೆ ಬೀಗ ಹಾಕಿ. ರೈಲು ನಿಲ್ದಾಣದ ಲಾಕರ್ ಆದರೆ ಎಷ್ಟು ಗಂಟೆ ಇಡಬಹುದು ಅಂತ ಮೊದಲು ನೋಡಿ, ಹಲವು ಕಡೆ ಮೂರೇ ದಿನ. ಲ್ಯಾಪ್‌ಟಾಪ್ ಬಿಟ್ಟು ಹೋಗುವುದಕ್ಕೆ ಕಂಪನಿ ನಿಯಮ ಒಪ್ಪದಿದ್ದರೆ, ಅದೇ ಊರಿನಲ್ಲಿರುವ ಸಹೋದ್ಯೋಗಿಯ ಕೈಗೋ ಆಫೀಸಿನ ಕಪಾಟಿಗೋ ಒಪ್ಪಿಸಿ.

ಊಟ, ನೀರು

ಮನೆಯಿಂದ ಊಟ ಹೊತ್ತು ತರಬೇಡಿ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳಬಹುದು. ತಯಾರಿಯ ದಿನದ, ಅಂದರೆ ಮೇಲಿನ ಲೆಕ್ಕದ ಗುರುವಾರದ, ಪಟ್ಟಿಯಲ್ಲಿ ಸೂಪರ್‌ಮಾರ್ಕೆಟ್ ಇರಲಿ. ಹೊಳೆಯ ನೀರು ಸ್ವಚ್ಛವಾಗಿ ಕಂಡರೂ ಕುದಿಸಿ ಅಥವಾ ಫಿಲ್ಟರ್ ಮಾಡಿ. ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲಿದ್ದರೆ ಮೂರು ನಿಮಿಷ. ಒಂದು ಲೀಟರ್ ನೀರು ಒಂದು ಕಿಲೋ ತೂಕ. ದಾರಿಯಲ್ಲಿ ಎಲ್ಲೆಲ್ಲಿ ನೀರಿದೆ ಅಂತ ನಕ್ಷೆಯಲ್ಲಿ ನೋಡಿಕೊಂಡರೆ ಸುಮ್ನೆ ಹೊರುವುದು ತಪ್ಪುತ್ತದೆ.

ಯಾರಿಗಾದರೂ ಬರೆದುಕೊಡಿ

ಒಬ್ಬರಿಗೆ, ಸಾಧ್ಯವಾದರೆ ಮನೆಯವರಿಗೆ ಒಂದು ಮತ್ತು ಆ ದೇಶದಲ್ಲಿರುವ ಸಹೋದ್ಯೋಗಿಗೆ ಒಂದು, ಈ ಸಂದೇಶ ಕಳುಹಿಸಿ: ಎಲ್ಲಿಂದ ಶುರು, ಯಾವ ರಾತ್ರಿ ಎಲ್ಲಿ, ಎಲ್ಲಿ ಇಳಿಯುತ್ತೇನೆ, ಜಾಕೆಟ್ ಮತ್ತು ಟೆಂಟ್ ಬಣ್ಣ, ಮತ್ತು "ಭಾನುವಾರ ರಾತ್ರಿ 9ರವರೆಗೆ ನನ್ನ ಮೆಸೇಜ್ ಬರದಿದ್ದರೆ ಈ ನಂಬರ್‌ಗೆ ಫೋನ್ ಮಾಡಿ". ಕೊನೆಯ ಸಾಲು ಇಲ್ಲದಿದ್ದರೆ ಉಳಿದದ್ದು ಉಪಯೋಗವಿಲ್ಲ. ಯಾವಾಗ ಗಾಬರಿಯಾಗಬೇಕು ಅಂತ ಗೊತ್ತಾಗದೆ ಅವರು ಕಾಯುತ್ತಲೇ ಇರುತ್ತಾರೆ. ದೂರದಲ್ಲಿರುವವರಿಗೆ 112 ಕೊಡಬೇಡಿ, ಅದು ಅವರದೇ ದೇಶದಲ್ಲಿ ರಿಂಗ್ ಆಗಬಹುದು. ಆ ಪ್ರದೇಶದ ಪೊಲೀಸ್ ಅಥವಾ ರಕ್ಷಣಾ ತಂಡದ ಪೂರ್ತಿ ನಂಬರ್ ಹುಡುಕಿ ಕೊಡಿ. ನೀವು ಅಲ್ಲೇ ಇದ್ದಾಗ ಯುರೋಪಿನಲ್ಲಿ 112, ಸ್ವಿಸ್ ಹೆಲಿಕಾಪ್ಟರ್ ರಕ್ಷಣೆಗೆ 1414.

ಸ್ಯಾಟಲೈಟ್ ಮೆಸೆಂಜರ್ (ನೆಟ್‌ವರ್ಕ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ) ಇದ್ದರೆ ಒಳ್ಳೆಯದು. ಆದರೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಅದನ್ನು ತರುವುದೇ ಅಪರಾಧ, ವಿಮಾನ ಬದಲಿಸಲು ಇಳಿಯುವ ದೇಶದ ನಿಯಮವನ್ನೂ ನೋಡಿ. ಏನೂ ಇಲ್ಲದಾಗ ಸೀಟಿ ಅಥವಾ ಟಾರ್ಚ್: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಉತ್ತರ ನಿಮಿಷಕ್ಕೆ ಮೂರು ಸಲ ಬರುತ್ತದೆ. ಹೆಲಿಕಾಪ್ಟರ್ ಕಂಡರೆ ಎರಡೂ ಕೈ ಮೇಲೆತ್ತಿ. ಒಂದೇ ಕೈ ಎತ್ತಿ ಇನ್ನೊಂದನ್ನು ಕೆಳಗೆ ಚಾಚಿದರೆ ಸಹಾಯ ಬೇಡ ಅಂತ ಅರ್ಥ. ಖುಷಿಗೆ ಒಂದು ಕೈ ಬೀಸಬೇಡಿ.

ನಡೆಯುವ ದಿನಗಳು

ಬೇಗ ಹೊರಡಿ. ಬಯಲಾದ ಎತ್ತರದ ಜಾಗಗಳನ್ನು ಮಧ್ಯಾಹ್ನದೊಳಗೆ ದಾಟಿ, ಗುಡುಗು ಬರುವುದು ಆಮೇಲೆ. ಗುಡುಗು ಕೇಳಿದರೆ ಇಳಿಯಿರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಮತ್ತೆ ಮೇಲೆ ಹೋಗಬೇಡಿ. ಹಿಮ ಕರಗಿ ಬರುವ ಹೊಳೆಗಳಲ್ಲೂ ಬೆಳಿಗ್ಗೆ ನೀರು ಕಡಿಮೆ, ಸಂಜೆಗೆ ಜಾಸ್ತಿ.

ದಿನವೂ ತಿರುಗಿ ಬರುವ ಸಮಯವನ್ನು ಹೊರಡುವ ಮೊದಲೇ ಗೊತ್ತುಮಾಡಿ. "ಹನ್ನೆರಡಕ್ಕೆ ಪಾಸ್ ಮೇಲೆ ಇರದಿದ್ದರೆ ವಾಪಸ್" ಅಂತ. ಮೇಲೆ ನಿಂತು ಯೋಚಿಸಿದರೆ ಎಲ್ಲರ ಉತ್ತರವೂ "ಇನ್ನು ಸ್ವಲ್ಪ ತಾನೇ" ಅಂತಲೇ ಇರುತ್ತದೆ. ವಾಪಸ್ ಬಂದರೂ ಖಾಲಿ ಬಿಟ್ಟ ಸೋಮವಾರ ಇದೆಯಲ್ಲ, ಅದನ್ನು ಉಳಿಸಿಟ್ಟದ್ದು ಇದಕ್ಕೇ.

ವಾಪಸ್ ಪ್ಯಾಕ್ ಮಾಡುವಾಗ

ಇಳಿದ ತಕ್ಷಣ ಮೆಸೇಜ್ ಕಳುಹಿಸಿದ ಇಬ್ಬರಿಗೂ "ಬಂದೆ" ಅನ್ನಿ. ಹೋಟೆಲ್‌ನ ಸ್ನಾನದ ಮನೆಯಲ್ಲಿ ಟೆಂಟ್ ಬಿಚ್ಚಿ ಒಣಗಿಸಿ, ಒದ್ದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ. ಮಿಕ್ಕ ಗ್ಯಾಸ್ ಕ್ಯಾನಿಸ್ಟರನ್ನು ಬೇರೆ ಟ್ರೆಕ್ಕರ್‌ಗೆ ಕೊಡಿ ಅಥವಾ ಹಾಸ್ಟೆಲ್, ಕ್ಯಾಂಪಿಂಗ್ ಜಾಗದಲ್ಲಿ ಕೇಳಿ ಬಿಡಿ. ಟ್ರೆಕ್ ದಿನಗಳ ಬಿಲ್ಲುಗಳನ್ನು ಆಫೀಸ್ ಬಿಲ್ಲುಗಳ ಜೊತೆ ಒಂದೇ ಕವರಿಗೆ ಹಾಕಬೇಡಿ, ಲೆಕ್ಕ ಕೊಡುವಾಗ ತಲೆ ಕೆಡುತ್ತದೆ. ಕೊನೆಗೆ, ರಕ್‌ಸ್ಯಾಕ್ ಅನ್ನು ಕ್ಯಾಬಿನ್‌ಗೆ ಒಯ್ಯುವುದಾದರೆ ಸೊಂಟದ ಪಟ್ಟಿಯ ಪುಟ್ಟ ಜೇಬುಗಳಿಗೆ ಕೈ ಹಾಕಿ ನೋಡಿ. ಮಡಚುವ ಚಾಕು ಸೆಕ್ಯುರಿಟಿಯವರಿಗೆ ಸಿಗುವುದು ಹೆಚ್ಚಾಗಿ ಅಲ್ಲೇ.